ಥರ್ಮಾಕೋಲಿನ ಹಲಗಿ, ರಟ್ಟಿನ ಚಪ್ಪಲಿ

ಸಂಕ್ರಮಣ ಮುಗಿದು ಹೊಲದಲ್ಲಿ ಜೋಳ ಸೀತನಿಗೆ ಬಂತೆಂದರೆ ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಸಾಲಿಗಳಲ್ಲಿ ಗ್ಯಾದರಿಂಗಿನ ಹಂಗಾಮು ಶುರು. ಆಮಂತ್ರಣ ಪತ್ರಿಕೆಯಲ್ಲಿ ‘ವಾರ್ಷಿಕ ಸ್ನೇಹ ಸಮ್ಮೇಳನ’ ಎಂದು ಅಚ್ಚಾಗಿರುತ್ತದೆ. ಊರ ಬಾಯಲ್ಲಿ ಗ್ಯಾದರಿಂಗೇ. ಮಕ್ಕಳು ಹಾಡುತ್ತಾರೆ, ಕುಣಿಯುತ್ತಾರೆ, ನಾಟಕ ಆಡುತ್ತಾರೆ. ಅವ್ವಂದಿರು ಹೊಲದಿಂದ ಬಂದವರು ಮುಖ ತೊಳೆದು, ಹಾಸಿಕೊಳ್ಳಲು ಒಂದು ಗೋಣಿತಟ್ಟು ಹಿಡಿದು ಬಂದು ಕೂಡುತ್ತಾರೆ. ಈ ಸಲ ನಾನೂ ನಾಲ್ಕೂ ಕಡೆ ತಿರುಗಿ ಹತ್ತು ಹನ್ನೆರಡು ಗ್ಯಾದರಿಂಗು ನೋಡಿದೆ. ಕವಿ ಅಂತ ಯಾರೂ ಕರೆದಿರಲಿಲ್ಲ. ಕರೆದಿದ್ದರೆ ಕುರ್ಚಿ ಸಿಗುತ್ತಿತ್ತು, ಈ ಲೇಖನ ಹುಟ್ಟುತ್ತಿರಲಿಲ್ಲ.

ನೋಡಿದ್ದನ್ನು ನೋಡಿದ ಹಾಗೆ ಬರೆಯುತ್ತೇನೆ. ಯಾವ ಸಾಲಿ, ಯಾವ ಊರು ಎಂದು ಹೇಳುವುದಿಲ್ಲ. ಒಂದು ಸಾಲಿಯ ಹೆಸರು ಹೇಳಿದರೆ ಉಳಿದವರೆಲ್ಲ ‘ನಮ್ಮಲ್ಲಿ ಹಂಗಿಲ್ರಿ’ ಎಂದು ಕೈ ತೊಳೆದುಕೊಳ್ಳುತ್ತಾರೆ.

ಮೊದಲು ಗೇಟು. ಹಲಗಿಯವರು ನಾಲ್ಕು ಮಂದಿ ಬಂದು ನಿಂತಿರುತ್ತಾರೆ. ಅವರಿಗೆ ಮೂರು ಗಂಟೆಗೆ ಬಾ ಎಂದು ಹೇಳಿ ಕಳಿಸಿರುತ್ತಾರೆ. ಅತಿಥಿಗಳ ಗಾಡಿ ಬರುವುದು ಆರಕ್ಕೆ. ಅಲ್ಲೀತನಕ ಬೇವಿನ ಗಿಡದ ಬುಡಕ್ಕೆ ಕುಂತು, ಕಸಕಡ್ಡಿಗೆ ಬೆಂಕಿ ಹಚ್ಚಿ, ಹಲಗಿ ಕಾಸುತ್ತ ಇರುತ್ತಾರೆ. ಗಾಡಿ ಕಂಡ ಕೂಡಲೇ ಏಳುತ್ತಾರೆ. ಬಾರಿಸುತ್ತಾರೆ. ಆ ನಾದಕ್ಕೆ ಎದೆ ನಡುಗದ ಮನುಷ್ಯನನ್ನು ನಾನು ಇನ್ನೂ ನೋಡಿಲ್ಲ. ಅತಿಥಿಗಳ ಕಾಲೂ ತಮಗೆ ಗೊತ್ತಿಲ್ಲದೆ ತಾಳ ಹಿಡಿಯುತ್ತವೆ. ಅತಿಥಿಗಳು ಗೇಟು ದಾಟುತ್ತಾರೆ. ಹಲಗಿ ದಾಟುವುದಿಲ್ಲ. ‘ಸಾಕು ಸಾಕು, ಮೈಕ್ ಚಾಲೂ ಆತು’ ಎಂದು ಒಳಗಿನಿಂದ ಯಾರೋ ಕೈ ಮಾಡುತ್ತಾರೆ. ಹಲಗಿಯವರಿಗೆ ಅಲ್ಲೇ ಗೇಟಿನ ಕಲ್ಲಿನ ಮೇಲೆ ಕಾಗದದ ಕಪ್ಪಿನಲ್ಲಿ ಚಹಾ. ಈಗ ಎಲ್ಲರಿಗೂ ಕಾಗದದ ಕಪ್ಪೇ ಆದ್ದರಿಂದ ಯಾರಿಗೂ ನಾಚಿಕೆ ಇಲ್ಲ. ನಮ್ಮಪ್ಪನ ಕಾಲಕ್ಕೆ ಹೋಟಲಿನ ಹೊರಗೆ ಬೇರೆ ಬಶಿ ಇಡುತ್ತಿದ್ದರು. ಈ ದೇಶದಲ್ಲಿ ಅಸ್ಪೃಶ್ಯತೆಯನ್ನು ಕಾಯಿದೆ ಓಡಿಸಲಿಲ್ಲ, ಕಾಗದದ ಕಪ್ಪು ಮುಚ್ಚಿಟ್ಟಿತು.

ಇನ್ನು ಒಳಗೆ. ಭಾಷಣ, ಹಾರ, ಶಾಲು, ಮತ್ತೆ ಭಾಷಣ. ಮೂರನೇ ಇಯತ್ತೆಯ ಕೂಸುಗಳು ಮುಖಕ್ಕೆ ಬಣ್ಣ ಬಳಿದುಕೊಂಡು ಪರದೆ ಹಿಂದೆ ಒಂದರ ಮೇಲೊಂದು ಬಿದ್ದು ನಿದ್ದೆ ಹೋಗಿರುತ್ತವೆ. ಒಂಬತ್ತೂವರೆಗೆ ಅವನ್ನು ಎಬ್ಬಿಸಿ ತಂದು ನಿಲ್ಲಿಸುತ್ತಾರೆ. ನಿರೂಪಣೆಯ ಮಾಸ್ತರರು ಕೂಗುತ್ತಾರೆ: ‘ಈಗ ನಮ್ಮ ಮಣ್ಣಿನ ಸೊಗಡು, ನಮ್ಮ ಹೆಮ್ಮೆಯ ಜಾನಪದ ನೃತ್ಯ!’

ಎಂಟು ಹುಡುಗರು ಬಂದರು. ತಲೆಗೆ ಜರಿಯ ಪಟಗ, ಸೊಂಟಕ್ಕೆ ಕೆಂಪು ವಸ್ತ್ರ. ಎಂಟೂ ಮಂದಿಯ ಕೊರಳಲ್ಲಿ ಹಲಗಿ. ನಾನು ಕುಂತಲ್ಲಿಂದ ಎದ್ದು ನಿಂತೆ. ಇಷ್ಟು ವರ್ಷಕ್ಕೆ ಹಲಗಿ ವೇದಿಕೆ ಏರಿತಲ್ಲಾ ಎಂದು ಕಣ್ಣು ತುಂಬಿದವು. ಹುಡುಗರು ಕೈ ಎತ್ತಿ ಹೊಡೆದರು. ನಾದ ಬಂದದ್ದು ಹುಡುಗರ ಕೈಯಿಂದಲ್ಲ, ಎಡಬಲದಲ್ಲಿ ನಿಲ್ಲಿಸಿದ್ದ ಡಬ್ಬಿಗಳಿಂದ, ಪೆನ್‌ಡ್ರೈವಿನಿಂದ. ಆಗ ಸರಿಯಾಗಿ ನೋಡಿದೆ. ಥರ್ಮಾಕೋಲನ್ನು ದುಂಡಗೆ ಕತ್ತರಿಸಿ, ಸುತ್ತ ಬಣ್ಣದ ಕಾಗದ ಅಂಟಿಸಿ ಮಾಡಿದ ಹಲಗಿ. ಒಬ್ಬ ಹುಡುಗ ಜೋರಾಗಿ ಹೊಡೆದ. ಅವನ ಹಲಗಿ ಎರಡು ತುಂಡಾಗಿ ಬಿತ್ತು. ಮಂದಿ ನಕ್ಕರು. ನಾದ ಮಾತ್ರ ನಿಲ್ಲಲಿಲ್ಲ.

ಗೆಳೆಯರೆ, ಅದೇ ಹೊತ್ತಿನಲ್ಲಿ ಆ ನಾಲ್ಕು ಮಂದಿ, ಎಮ್ಮೆಕರುವಿನ ಚರ್ಮ ಹದ ಮಾಡಿ, ಬಳೆಗೆ ಬಿಗಿದು, ಸಣ್ಣವರಿದ್ದಾಗಿನಿಂದ ಕೈ ಪಳಗಿಸಿಕೊಂಡವರು, ಗೇಟಿನ ಹೊರಗೆ ಕತ್ತಲೆಯಲ್ಲಿ ಬೀಡಿ ಸೇದುತ್ತ ಕುಂತಿದ್ದರು. ತಮ್ಮ ರೊಕ್ಕ ಕೊಡುವ ಮನುಷ್ಯ ಊಟ ಮುಗಿಸಿ ಬರುವುದನ್ನು ಕಾಯುತ್ತಿದ್ದರು. ಅವರ ಕೈಯ ನಾದ ಯಾರದೋ ಕಂಪನಿಯ ರೆಕಾರ್ಡಾಗಿ ಒಳಗೆ ಹೋಗಬಹುದು. ಅವರ ಉಡುಪಿನ ನಕಲು ಒಳಗೆ ಹೋಗಬಹುದು. ಅವರ ವಾದ್ಯದ ಗೊಂಬೆ ಒಳಗೆ ಹೋಗಬಹುದು. ಚರ್ಮ ಹೋಗುವಂತಿಲ್ಲ, ಆ ಚರ್ಮದ ಮನುಷ್ಯ ಹೋಗುವಂತಿಲ್ಲ. ಇದಕ್ಕೆ ಇವರು ಇಟ್ಟ ಹೆಸರು ಜಾನಪದ.

ಒಬ್ಬ ಮಾಸ್ತರರನ್ನು ಕೇಳಿದೆ. ಒಳ್ಳೆಯ ಮನುಷ್ಯ, ಹುಡುಗರ ಮೇಲೆ ಜೀವ. ‘ಅಲ್ರೀ ಸರ, ನಾಲ್ಕು ಮಂದಿ ಹಲಗಿಯವ್ರು ಗೇಟಿನಾಗ ಅದಾರ. ಅವ್ರನ್ನ ಒಳಗ ಕರದ್ರ ಆಗ್ತಿತ್ತಲ್ಲ?’ ಅವರು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ, ‘ಪ್ರ್ಯಾಕ್ಟೀಸ್‌ಗೆ ಟೈಮ್ ಹೊಂದೂದಿಲ್ಲಪಾ, ಅಲ್ಲದ ವಾಸನೀನೂ ಬರ್ತದ, ಹುಡುಗೂರ ಮನ್ಯಾಗ ಒಪ್ಪೂದಿಲ್ಲ’ ಅಂದರು. ಮೊದಲನೆಯದು ಸುಳ್ಳು ಎಂದು ಅವರಿಗೂ ಗೊತ್ತಿತ್ತು. ಕೊನೆಯದು ನಿಜ.

ಮಾದರ ಓಣಿಯ ಗಂಡಸರಾದರೂ ಗೇಟಿನವರೆಗೆ ಬಂದಿದ್ದರು. ತಾಂಡಾದವರು ಊರಲ್ಲೇ ಇರಲಿಲ್ಲ.

ಈ ನಾಲ್ಕು ತಾಲೂಕುಗಳ ಗ್ಯಾದರಿಂಗಿನಲ್ಲಿ ‘ಲಂಬಾಣಿ ಡ್ಯಾನ್ಸ್’ ಇಲ್ಲದ ಸಾಲಿ ಕಡಿಮೆ. ಕನ್ನಡಿ ಹಚ್ಚಿದ ಲಂಗ, ಕವಡಿಯ ಸರ, ಕೈ ತುಂಬ ಪ್ಲಾಸ್ಟಿಕ್ ಬಳಿ, ಬಾಡಿಗೆಗೆ ತಂದ ಡ್ರೆಸ್ಸು. ಒಂದು ರಾತ್ರಿಯ ಬಾಡಿಗೆ ಒಬ್ಬ ಹೆಣ್ಣಾಳಿನ ಒಂದು ದಿನದ ಕೂಲಿಯನ್ನು ನುಂಗುತ್ತದೆ. ಹಂಗಾಗಿ ಯಾರ ಮಕ್ಕಳು ಕುಣಿಯುತ್ತಾರೆ ಎಂಬುದನ್ನು ಮಾಸ್ತರರು ಆರಿಸುವ ಮೊದಲೇ ಅಂಗಡಿಯವನು ಆರಿಸಿರುತ್ತಾನೆ. ಹೋಗಲಿ. ಲಂಬಾಣಿ ಮಕ್ಕಳು ಎಲ್ಲಿ? ಅವು ದೀಪಾವಳಿ ಆದ ಮೇಲೆ ಅವ್ವ ಅಪ್ಪನ ಜೊತೆ ಟ್ರ್ಯಾಕ್ಟರ್ ಏರಿ ಹೋಗಿವೆ. ಸೊಲ್ಲಾಪುರ, ಸಾಂಗಲಿ, ಕೊಲ್ಲಾಪುರದ ಕಡೆ ಕಬ್ಬು ಕಡಿಯುವ ಗ್ಯಾಂಗಿನಲ್ಲಿ. ಕೆಲವು ಗೋವಾದಲ್ಲಿ, ಕಟ್ಟಡದ ಕೆಲಸದ ಬದಿಗೆ ತಗಡಿನ ಗುಡಿಸಲಿನಲ್ಲಿ. ಮುಕಾದಮ ಮಳೆಗಾಲದಲ್ಲೇ ಮುಂಗಡ ಕೊಟ್ಟಿರುತ್ತಾನೆ, ಅದನ್ನು ಕಬ್ಬಿನಲ್ಲಿ ತೀರಿಸಬೇಕು. ಅಪ್ಪ ಕಡಿಯುತ್ತಾನೆ, ಅವ್ವ ಸೂಡು ಕಟ್ಟಿ ಹೊರುತ್ತಾಳೆ, ಎಂಟು ವರ್ಷದ ಹುಡುಗಿ ಒಂದು ವರ್ಷದ ತಮ್ಮನನ್ನು ಆಡಿಸುತ್ತ ಬದುವಿನಲ್ಲಿ ಕುಂತಿರುತ್ತದೆ. ಅದೇ ರಾತ್ರಿ ಇಲ್ಲಿ ಅದರ ಅಜ್ಜಿಯ ಲಂಗದ ನಕಲು ಹಾಕಿಕೊಂಡು ವಕೀಲರ ಮಗಳು ಕುಣಿಯುತ್ತಾಳೆ. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ, ಅದೂ ಕೂಸು, ಚಂದ ಕುಣಿಯಿತು. ಹಾಜರಿ ಪುಸ್ತಕದಲ್ಲಿ ಮೂರು ತಿಂಗಳಿಂದ ಕೆಂಪು ಗೆರೆ ಎಳೆಯುತ್ತ, ವೇದಿಕೆ ಮೇಲೆ ಅದೇ ಮಕ್ಕಳ ವೇಷ ಹಾಕಿಸಿ ‘ನಮ್ಮ ಸಂಸ್ಕೃತಿ’ ಎಂದು ಕೂಗುವ ಬಾಯಿಯ ಮೇಲೆ ಸಿಟ್ಟು.

ಗ್ಯಾದರಿಂಗನ್ನು ಜನವರಿಯಲ್ಲೇ ಯಾಕೆ ಮಾಡಬೇಕು? ಎಲ್ಲರನ್ನೂ ಕೇಳಿದೆ. ‘ಪದ್ಧತಿ’ ಅಂದರು. ‘ಬೋರ್ಡ್ ಪರೀಕ್ಷಾ ಮುಂದ ಬರ್ತದ’ ಅಂದರು. ‘ಅತಿಥಿಗಳ ಡೇಟ್ ಆವಾಗ ಸಿಗ್ತದ’ ಅಂದರು. ಮಕ್ಕಳು ಆವಾಗ ಸಿಗುತ್ತವೋ ಇಲ್ಲವೋ ಎಂದು ಯಾರೂ ಅನ್ನಲಿಲ್ಲ.

ಇದೇ ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ಗೆಳೆಯರಿದ್ದರು. ೧೯೩೧ರಲ್ಲಿ ‘ಗರತಿಯ ಹಾಡು’ ತಂದರು. ಅವರು ಹಾಡನ್ನು ಅಂಗಡಿಯಿಂದ ತರಲಿಲ್ಲ. ಬೀಸುವ ಕಲ್ಲಿನ ಮುಂದೆ ಕುಂತ ಹೆಣ್ಣುಮಕ್ಕಳ ಬಾಯಿಂದ ಬರೆದುಕೊಂಡರು. ಆ ಕೆಲಸದ ಮಿತಿಗಳ ಬಗ್ಗೆ ನನಗೆ ತಕರಾರುಗಳಿವೆ. ಗರತಿ ಅಂದರೆ ಯಾರು, ಗರತಿ ಅಲ್ಲದವಳ ಹಾಡು ಎಲ್ಲಿ ಹೋಯಿತು ಎಂಬ ಪ್ರಶ್ನೆ ಇದೆ. ಅದು ಇನ್ನೊಂದು ಲೇಖನ. ಆದರೆ ಹಾಡುವವರ ಮುಂದೆ ಹೋಗಿ ಕೂಡಬೇಕು ಎಂಬಷ್ಟು ಮಾನ ಅವರಿಗಿತ್ತು. ಇವತ್ತು ಹಲಸಂಗಿಯಿಂದ ಒಂದು ಹರದಾರಿಯ ಸಾಲಿಯಲ್ಲೂ ಹಂತಿ ಪದ ಬೇಕಾದರೆ ಮೊಬೈಲ್ ಒತ್ತುತ್ತಾರೆ. ಹಂತಿ ಪದ ಬಲ್ಲ ಮುದುಕ ಸಾಲಿಯ ಕಂಪೌಂಡಿಗೇ ಬೆನ್ನು ಹಚ್ಚಿ ಕುಂತಿರುತ್ತಾನೆ.

ಸ್ಪರ್ಧೆಗಳ ಕತೆಯೂ ಇದೇ. ಸರಕಾರ ‘ಪ್ರತಿಭಾ ಕಾರಂಜಿ’ ನಡೆಸುತ್ತದೆ. ಕ್ಲಸ್ಟರ್, ತಾಲೂಕು, ಜಿಲ್ಲೆ, ರಾಜ್ಯ ಎಂದು ಮೆಟ್ಟಿಲು. ಒಳ್ಳೆಯ ಯೋಜನೆ, ಬೇಡ ಎನ್ನುವುದಿಲ್ಲ. ನನ್ನಂಥವನು ಮೊದಲ ಸಲ ಮೈಕು ಮುಟ್ಟಿದ್ದು ಅದರಲ್ಲೇ. ಆದರೆ ಅದರ ಕಣ್ಣು ಯಾರ ಕಣ್ಣು ನೋಡಿ. ಭರತನಾಟ್ಯಕ್ಕೆ ಒಬ್ಬೊಬ್ಬರೇ ಕುಣಿಯುವ ಪ್ರತ್ಯೇಕ ಸ್ಪರ್ಧೆ. ನಾನು ನೋಡಿದ ತಾಲೂಕು ಮಟ್ಟದ ಯಾವ ಸ್ಪರ್ಧೆಯಲ್ಲೂ ಹಲಗಿಗೆ, ಚೌಡಿಕೆಗೆ, ಸನಾದಿಗೆ ಅಂಥ ಜಾಗ ಕಾಣಲಿಲ್ಲ. ನಮ್ಮದು ಯಾವಾಗಲೂ ‘ಸಾಮೂಹಿಕ’. ಭರತನಾಟ್ಯದ ಹುಟ್ಟಾದರೂ ಎಲ್ಲಿಯದು? ದೇವದಾಸಿಯರ ಕಾಲಿನದು. ಅವರು ಆಡಿದಾಗ ಅದು ಸದಿರು, ಅವಮಾನ. ೧೯೩೦ರ ದಶಕದಲ್ಲಿ ಮದರಾಸಿನ ದೊಡ್ಡ ಮನೆತನದವರು ಅದನ್ನು ಎತ್ತಿಕೊಂಡು, ತೊಳೆದು, ಹೊಸ ಹೆಸರಿಟ್ಟರು. ೧೯೩೬ರಲ್ಲಿ ರುಕ್ಮಿಣಿದೇವಿಯವರ ಕಲಾಕ್ಷೇತ್ರ ಹುಟ್ಟಿತು. ಕಲೆಗೆ ಮಾನ ಬಂತು, ಕಲೆಯ ತಾಯಂದಿರಿಗೆ ಬರಲಿಲ್ಲ.

ನಮ್ಮ ಕಡೆ ಅದೇ ಕೆಲಸ ಈಗ ‘ಜೋಗತಿ ನೃತ್ಯ’ದ ಮೇಲೆ ನಡೆದಿದೆ. ತಲೆ ಮೇಲೆ ಹಗುರ ಕೊಡ, ಹಣೆ ತುಂಬ ಭಂಡಾರ, ಪೆನ್‌ಡ್ರೈವಿನಲ್ಲಿ ಚೌಡಿಕೆ. ದೇವದಾಸಿ ಬಿಡುವುದನ್ನು ನಿಷೇಧಿಸಿ ಕರ್ನಾಟಕ ೧೯೮೨ರಲ್ಲಿ ಕಾಯಿದೆ ಮಾಡಿತು. ಮುತ್ತು ಕಟ್ಟಿಸಿಕೊಂಡ ಅಜ್ಜಿಯರು ನಮ್ಮ ಕೇರಿಗಳಲ್ಲಿ ಇನ್ನೂ ಬದುಕಿದ್ದಾರೆ. ಮುದ್ದೇಬಿಹಾಳ ಕಡೆಯ ಒಂದು ಗ್ಯಾದರಿಂಗಿನಲ್ಲಿ ಈ ಕುಣಿತ ನಡೆದಾಗ ನನ್ನ ಮುಂದೆ ಕುಂತಿದ್ದ ಒಬ್ಬ ಮುದುಕಿ ಸೆರಗಿನಿಂದ ಮುಖ ಮುಚ್ಚಿಕೊಂಡು ಎದ್ದು ಹೋದಳು. ಮೊಮ್ಮಗಳು ‘ಯಾಕಬೇ ಆಯಿ, ಚಲೋ ಅದಲ್ಲ’ ಅಂತ ಹಿಂದೆ ಹೋಯಿತು. ಮುದುಕಿ ಏನೂ ಹೇಳಲಿಲ್ಲ. ಜೋಗತಿಯ ಕಲೆ ವೇದಿಕೆಗೆ ಬರಬಾರದು ಎಂದಲ್ಲ. ಜೋಗತಿ ಮಂಜಮ್ಮನವರು ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ೨೦೨೧ರಲ್ಲಿ ಪದ್ಮಶ್ರೀ ಪಡೆದರು. ಅವರು ತಮ್ಮ ಬಾಳನ್ನೇ ತಂದು ವೇದಿಕೆ ಮೇಲೆ ನಿಲ್ಲಿಸಿದವರು. ಇಲ್ಲಿ ಬಾಳನ್ನು ಕಿತ್ತು ಬಿಸಾಡಿ ಭಂಡಾರ ಮಾತ್ರ ಉಳಿಸಿಕೊಂಡಿದ್ದಾರೆ.

ಛದ್ಮವೇಷದ ಬಗ್ಗೆ ಎರಡೇ ಮಾತು. ಉಳ್ಳವರ ಮಕ್ಕಳಿಗೆ ಮಸಿ ಬಳಿದು, ಹರಿದ ಅಂಗಿ ತೊಡಿಸಿ, ಭಿಕ್ಷುಕ ಎಂದೋ ಕೊರವಂಜಿ ಎಂದೋ ನಿಲ್ಲಿಸುತ್ತಾರೆ. ಮೊದಲ ಬಹುಮಾನ ಬರುತ್ತದೆ. ಹರಿದ ಅಂಗಿಯಲ್ಲೇ ದಿನಾ ಸಾಲಿಗೆ ಬರುವ ಕೂಸು ಕೆಳಗೆ ಕುಂತು ಚಪ್ಪಾಳೆ ತಟ್ಟುತ್ತದೆ.

ಈಗ ನಾಟಕಕ್ಕೆ ಬರೋಣ. ಬಸವನ ಬಾಗೇವಾಡಿ ಬಸವಣ್ಣ ಹುಟ್ಟಿದ ನೆಲ. ೨೦೨೪ರ ಜನವರಿಯಲ್ಲಿ ಸರಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಸಾರಿತು. ಸಂತೋಷ. ಅದಕ್ಕೂ ಮೊದಲಿನಿಂದ ಈ ಸೀಮೆಯ ಗ್ಯಾದರಿಂಗಿನಲ್ಲಿ ಕಲ್ಯಾಣದ ನಾಟಕ ಇದ್ದೇ ಇದೆ. ಪಾತ್ರ ಹಂಚುವಾಗ ಏನಾಗುತ್ತದೆ ಎಂಬುದನ್ನು ನಾನು ಮೈಮೇಲೆ ಉಂಡಿದ್ದೇನೆ, ಅದಕ್ಕೆ ಹೇಳುತ್ತೇನೆ.

ನಾನು ಆಗ ಒಂಬತ್ತನೇ ಇಯತ್ತೆ. ಕಂಠಪಾಠದಲ್ಲಿ ನಾನೇ ಮುಂದು. ಬಸವಣ್ಣನ ಮಾತೆಲ್ಲ ಬಾಯಿಪಾಠ ಮಾಡಿಕೊಂಡು ಹೋಗಿ ‘ಸರ, ನಾ ಬಸವಣ್ಣ ಆಗ್ತೀನ್ರಿ’ ಅಂದೆ. ಮಾಸ್ತರರು ನಕ್ಕು ನನ್ನ ತಲೆ ಸವರಿದರು. ‘ನಿನಗ ಹರಳಯ್ಯ ಭೇಷ್ ಒಪ್ಪತಾನಲೇ. ಮನ್ಯಾಗ ಚಪ್ಪಲ್ಲೂ ಅದಾವ’ ಅಂದರು. ಪ್ರೀತಿಯಿಂದಲೇ ಅಂದರು. ಗೌಡರ ಮನೆಯ ಹುಡುಗ ಬಸವಣ್ಣನಾದ. ಅವನಿಗೆ ಮಾತು ನೆನಪಿರುತ್ತಿರಲಿಲ್ಲ, ಪರದೆ ಹಿಂದಿನಿಂದ ನಾನೇ ಹೇಳಿಕೊಡುತ್ತಿದ್ದೆ.

ಹರಳಯ್ಯನ ಕತೆ ನಿಮಗೆ ಗೊತ್ತಿದೆ. ಬಸವಣ್ಣ ಒಂದು ಶರಣಿಗೆ ಎರಡು ಶರಣು ಮರಳಿಸಿದ. ಆ ಭಾರ ಹೊರಲಾರದೆ ಹರಳಯ್ಯ, ಹೆಂಡತಿ ಕಲ್ಯಾಣಮ್ಮ, ತಮ್ಮ ತೊಡೆಯ ಚರ್ಮ ಸುಲಿದು ಬಸವಣ್ಣನಿಗೆ ಚಮ್ಮಾವುಗೆ ಮಾಡಿದರು. ಬಸವಣ್ಣ ಅದನ್ನು ಕಾಲಿಗೆ ಮೆಡಲಿಲ್ಲ, ತಲೆ ಮೇಲೆ ಹೊತ್ತುಕೊಂಡ. ಈ ನಾಟಕಕ್ಕೆಂದು ನಮ್ಮಪ್ಪ ಒಂದು ಜೋಡು ಹೊಲಿದು ಕೊಟ್ಟ. ಹೊಸ ಚರ್ಮ. ಅಂಚಿಗೆ ಕೆಂಪು ದಾರದ ಹೊಲಿಗೆ, ಮೇಲೆ ಸಣ್ಣ ಹೂವು. ಅಪ್ಪ ಯಾರಿಗೂ ಅಂಥದ್ದು ಹೊಲಿದದ್ದನ್ನು ನಾನು ನೋಡಿರಲಿಲ್ಲ. ತಾಲೀಮಿನಲ್ಲಿ ಹದಿನೈದು ದಿನ ಅದನ್ನೇ ಹಿಡಿದು ಆಡಿದೆವು. ಗೌಡರ ಹುಡುಗನೂ ತಲೆ ಮೇಲೆ ಇಟ್ಟುಕೊಂಡ, ಹುಡುಗರಿಗೇನು ಗೊತ್ತು.

ಗ್ಯಾದರಿಂಗಿನ ಸಂಜೆ ಅವನ ಮನೆಯವರಿಗೆ ಸುದ್ದಿ ಹೋಯಿತು. ‘ಮಾದರ ಮಾಡಿದ ಕೆರವು ನಮ್ಮ ಹುಡುಗನ ತಲೀ ಮ್ಯಾಲ?’ ಅರ್ಧ ಗಂಟೆ ಗುಸುಗುಸು. ಆಮೇಲೆ ಡ್ರಾಯಿಂಗ್ ಮಾಸ್ತರರು ಒಂದು ರಟ್ಟು ಕತ್ತರಿಸಿದರು, ಬಂಗಾರದ ಬೇಗಡೆ ಹಚ್ಚಿದರು. ಲೈಟಿನಲ್ಲಿ ಥಳಥಳ ಹೊಳೆಯಿತು. ನಾನು ಮಂಡಿಯೂರಿ ನನ್ನ ತೊಡೆಯ ಚರ್ಮ ಎಂದು ಆ ರಟ್ಟನ್ನು ಎತ್ತಿ ಕೊಟ್ಟೆ. ಬಸವಣ್ಣ ತಲೆ ಮೇಲೆ ಇಟ್ಟುಕೊಂಡ. ಮಂದಿ ‘ಭೇಷ್!’ ಎಂದು ಸಿಳ್ಳೆ ಹಾಕಿತು. ಅಪ್ಪ ಗೇಟಿನ ಹತ್ತಿರ ಹಲಗಿ ಬಗಲಲ್ಲಿ ಇಟ್ಟುಕೊಂಡು ನಿಂತಿದ್ದ. ಅವನಿಗೆ ಅಷ್ಟು ದೂರದಿಂದ ಹೊಳಪು ಕಂಡಿತು.

‘ನಾ ಹೊಲದ್ವು ಎಲ್ಲಿ ಹೋದ್ವೋ ತಮ್ಮಾ?’ ಎಂದು ಮನೆಯಲ್ಲಿ ಕೇಳಿದ. ‘ತಾಲೀಮಿನಾಗ ಹರದ್ವಪಾ’ ಅಂದೆ. ಅಪ್ಪ ನನ್ನ ಮುಖವನ್ನೇ ನೋಡಿದ. ‘ನನ್ನ ಹೊಲಿಗಿ ಹದಿನೈದು ದಿನಕ್ಕ ಹರಿಯೂದಿಲ್ಲ’ ಅಂದು ಎದ್ದು ಹೋದ. ಡಿಗ್ರಿ ಮುಗಿಸಿದೆ, ಕವಿತೆ ಬರೆದೆ, ಮೋರ್ಚಾದಲ್ಲಿ ಕೂಗಿದೆ. ಆ ಸುಳ್ಳನ್ನು ಮಾತ್ರ ಇನ್ನೂ ತಿದ್ದಿಲ್ಲ.

ಇಷ್ಟೇ ಅಲ್ಲ. ಆ ನಾಟಕ ಚಪ್ಪಲಿಗೇ ಮುಗಿಯಿತು. ಆಮೇಲೆ ಬಸವಣ್ಣನ ಪೂಜೆ, ಆರತಿ, ಪರದೆ. ಕತೆ ಅಲ್ಲಿಗೆ ಮುಗಿಯುತ್ತದೆಯೇ? ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟು ಶರಣರು ಮದುವೆ ಮಾಡಿದರು. ಅದಕ್ಕಾಗಿ ಹರಳಯ್ಯ, ಮಧುವರಸರಿಗೆ ಎಳೆಹೂಟೆ ಶಿಕ್ಷೆ ಆಯಿತು, ಕಲ್ಯಾಣ ಹತ್ತಿ ಉರಿಯಿತು. ಈ ಸಲ ನಾನು ನೋಡಿದ ಮೂರು ಕಲ್ಯಾಣದ ನಾಟಕಗಳಲ್ಲಿ ಒಂದರಲ್ಲೂ ಆ ಮದುವೆ ಇರಲಿಲ್ಲ, ಆ ಶಿಕ್ಷೆ ಇರಲಿಲ್ಲ. ‘ಮಕ್ಕಳಿಗೆ ಹಿಂಸಾ ತೋರಿಸಬಾರದ್ರಿ’ ಅಂದರು. ಅದೇ ವೇದಿಕೆಯ ಮೇಲೆ ಭೀಮ ದುಶ್ಯಾಸನನ ಕರುಳು ಕಿತ್ತು ಕೊರಳಿಗೆ ಹಾಕಿಕೊಂಡದ್ದನ್ನು ಹತ್ತು ನಿಮಿಷ ಮೊದಲು ನೋಡಿದ್ದೆ. ಹಿಂಸೆಯ ಅಂಜಿಕೆ ಇವರಿಗಿಲ್ಲ. ಮದುವೆಯ ಅಂಜಿಕೆ ಇದೆ.

ಬರೆದವರಿಲ್ಲ ಎಂದೇನಲ್ಲ. ಲಂಕೇಶರ ‘ಸಂಕ್ರಾಂತಿ’ ೧೯೭೧ರದು. ಶಿವಪ್ರಕಾಶರ ‘ಮಹಾಚೈತ್ರ’ ಇದೆ, ಅದು ಪಠ್ಯವಾದಾಗ ಎಷ್ಟು ಗದ್ದಲವಾಯಿತು ಎಂಬುದು ಹಿರಿಯರಿಗೆ ನೆನಪಿದೆ. ಕಾರ್ನಾಡರ ‘ತಲೆದಂಡ’ ಇದೆ. ಇದೇ ಸಿಂದಗಿ ತಾಲೂಕಿನ ಯರಗಲ್ಲಿನ ಎಂ.ಎಂ. ಕಲಬುರ್ಗಿಯವರು ‘ಕೆಟ್ಟಿತ್ತು ಕಲ್ಯಾಣ’ ಬರೆದರು. ಅವರನ್ನು ೨೦೧೫ರ ಆಗಸ್ಟ್ ೩೦ರಂದು ಧಾರವಾಡದಲ್ಲಿ, ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಅವರ ತಾಲೂಕಿನ ಎಷ್ಟು ಸಾಲಿಗಳ ಕಪಾಟಿನಲ್ಲಿ ಆ ನಾಟಕವಿದೆ? ನಾನು ಕೇಳಿದ ಎರಡು ಸಾಲಿಗಳಲ್ಲಿ ಇರಲಿಲ್ಲ.

೧೯೭೩ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಎಂದದ್ದಕ್ಕೆ ನಾಡೆಲ್ಲ ಗಲಭೆಯಾಗಿ ಮಂತ್ರಿಗಿರಿ ಹೋಯಿತು. ಆ ಬೆಂಕಿಯಲ್ಲೇ ದಲಿತ ಚಳವಳಿ ಬೆಳೆಯಿತು, ೧೯೭೯ರಲ್ಲಿ ಬಂಡಾಯ ಸಂಘಟನೆ ಬಂತು. ಪುಸ್ತಕದ ಬೂಸಾದ ಮೇಲೆ ನಾವು ಐವತ್ತು ವರ್ಷ ಜಗಳವಾಡಿದೆವು. ನಮ್ಮ ಕೇರಿಯ ಮಕ್ಕಳು 'ಸಾಹಿತ್ಯ' ಓದುವ ಎಷ್ಟೋ ಮೊದಲು ಗ್ಯಾದರಿಂಗು ನೋಡುತ್ತವೆ. ತಾವು ಯಾರು, ತಮ್ಮ ಜಾಗ ಯಾವುದು ಎಂದು ಆ ಬಣ್ಣದ ಲೈಟಿನ ಕೆಳಗೆ ಕಲಿಯುತ್ತವೆ. ಆ ವೇದಿಕೆಯ ಬೂಸಾವನ್ನು ನಾವು ಯಾಕೆ ಮುಟ್ಟಲಿಲ್ಲ?

‘ಮಕ್ಕಳ ಕಾರ್ಯಕ್ರಮದಾಗ ಜಾತಿ ಯಾಕ ತರ್ತೀಯೋ ಮಾರಾಯಾ’ ಎಂದು ಕೇಳುವವರಿದ್ದಾರೆ. ನಾನು ತಂದಿಲ್ಲ. ನಾನು ಹೋಗುವ ಮೊದಲೇ ಅದು ಮೊದಲನೇ ಸಾಲಿನ ಕುರ್ಚಿಯಲ್ಲಿ ಶಾಲು ಹೊದ್ದು ಕುಂತಿತ್ತು.

ಆದರೆ ನಮ್ಮವರೇ ಎತ್ತುವ ಇನ್ನೊಂದು ಮಾತಿದೆ. ಅದನ್ನು ಹಾರಿಸಿ ಹೋಗುವಂತಿಲ್ಲ. ಸಂಘಟನೆಯ ಹಿರಿಯಣ್ಣ ಒಬ್ಬರು ನನ್ನ ಮೇಲೆ ಸಿಟ್ಟಾದರು: ‘ಹಲಗಿ ನಮ್ಮ ಗುಲಾಮಗಿರಿ. ಊರಾಗ ಯಾರ ಸತ್ರೂ ಬಿಟ್ಟಿ ಬಾರಿಸಿ ಬಾರಿಸಿ ನಮ್ಮಪ್ಪ ಸತ್ತ. ನಾವು ಹಲಗಿ ಹರದು ಬೆಂಕಿಗ ಹಾಕಿದ ಮಂದಿ. ನೀ ಅದನ್ನ ಮತ್ತ ನಮ್ಮ ಮಕ್ಕಳ ಕೊಳ್ಳಾಗ ಹಾಕ್ತೀಯೇನು?’ ಅವರ ಸಿಟ್ಟಿಗೆ ನಾನು ತಲೆ ಬಾಗುತ್ತೇನೆ. ೧೯೨೭ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ, ಹೀನ ಎನಿಸಿದ್ದನ್ನು ಬಿಡಿ ಎಂದು ಹೇಳಿದ್ದು ಇದಕ್ಕೇ. ಬಿಟ್ಟಿ ಬಾರಿಸುವುದನ್ನು ನಿಲ್ಲಿಸಿದ ಪ್ರತಿಯೊಂದು ಕೈಯೂ ದೊಡ್ಡ ಕೈ.

ಆದರೆ ಅಣ್ಣಾ, ಬಾಬಾಸಾಹೇಬರ ಮಾತನ್ನು ಮಹಾರಾಷ್ಟ್ರದ ಹಳ್ಳಿಹಳ್ಳಿಗೆ ಒಯ್ದದ್ದು ಯಾವುದು? ಜಲಸಾ. ತಮಾಶಾದ ಡೋಲಕಿಯನ್ನೇ ಹಿಡಿದು ಮೊದಲು ಸತ್ಯಶೋಧಕರು, ಆಮೇಲೆ ಭೀಮರಾವ ಕರ್ಡಕರಂಥ ಅಂಬೇಡ್ಕರಿ ಜಲಸಾದವರು ಅದರ ಹಾಡು ಬದಲಿಸಿದರು. ದೇವರ ನಮನ ತೆಗೆದರು, ಲಾವಣಿಯ ಶೃಂಗಾರ ತೆಗೆದರು, ಕೆರೆಯ ನೀರಿನ ಹಕ್ಕು ಹಾಡಿದರು. ಇಂಡಿಯಿಂದ ಸೊಲ್ಲಾಪುರ ಎಷ್ಟು ದೂರ? ಏಪ್ರಿಲ್ ೧೪ಕ್ಕೆ ನಮ್ಮ ಓಣಿಗಳಲ್ಲಿ ವಾಮನದಾದಾ ಕರ್ಡಕರ ಮರಾಠಿ ಹಾಡು ಇವತ್ತಿಗೂ ಕೇಳುತ್ತದೆ. ತಮಿಳುನಾಡಿನ ದಿಂಡಿಗಲ್ಲಿನಲ್ಲಿ ‘ಶಕ್ತಿ’ ತಂಡದ ದಲಿತ ಹೆಣ್ಣುಮಕ್ಕಳು ಪರೈ ಬಾರಿಸುತ್ತಾರೆ. ಅದೂ ಸಾವಿನ ಮನೆಯ ವಾದ್ಯವೇ, ಗಂಡಸರದೇ ಆಗಿತ್ತು. ಅವರು ಯಾರ ಸಾವಿಗೂ ಬಿಟ್ಟಿ ಬಾರಿಸುವುದಿಲ್ಲ.

ಹಾಗಾದರೆ ನಾನು ಕೇಳುವುದೇನು? ಮಾದರ ಹುಡುಗನೇ ಹಲಗಿ ಬಾರಿಸಲಿ ಎಂದಲ್ಲ. ಅದಾದರೆ ಹರಳಯ್ಯನ ಪಾತ್ರ ನನಗೆ ‘ಒಪ್ಪುತ್ತದೆ’ ಎಂದ ಮಾಸ್ತರರಿಗೂ ನನಗೂ ಏನು ಫರಕು? ನಮ್ಮ ಹುಡುಗ ಬಸವಣ್ಣನಾಗಲಿ, ಹಾರ್ಮೋನಿಯಂ ಹಿಡಿಯಲಿ, ಮನಸ್ಸಿದ್ದರೆ ಭರತನಾಟ್ಯ ಕಲಿಯಲಿ. ಹಲಗಿ ಬೇಡವೆಂದರೆ ಬೇಡ. ಗೌಡರ ಹುಡುಗ ಹರಳಯ್ಯನಾಗಲಿ, ರಟ್ಟಿನದಲ್ಲ, ನಮ್ಮಪ್ಪ ಹೊಲಿದ ಚಪ್ಪಲಿಯನ್ನೇ ಎದೆಗೆ ಹಿಡಿದು ವೇದಿಕೆಗೆ ಬರಲಿ. ಹಲಗಿ ಕಲಿಯಬೇಕು ಎನ್ನುವ ಯಾವ ಜಾತಿಯ ಕೂಸಾದರೂ ಬರಲಿ, ನಮ್ಮಪ್ಪನಂಥವರನ್ನು ಸಾಲಿಗೆ ಕರೆದು, ಕುರ್ಚಿ ಹಾಕಿ, ಗುರುಗಳೇ ಎಂದು ಕರೆದು, ಡ್ರೆಸ್ಸಿನ ಅಂಗಡಿಯವನಿಗೆ ಕೊಡುವ ರೊಕ್ಕವನ್ನು ಅವರ ಕೈಗೆ ಕೊಟ್ಟು ಕಲಿಯಲಿ. ಗ್ಯಾದರಿಂಗನ್ನು ದೀಪಾವಳಿಗೆ ಮೊದಲು ಮಾಡಿರಿ, ಟ್ರ್ಯಾಕ್ಟರ್ ತಾಂಡಾಕ್ಕೆ ಬರುವ ಮೊದಲು. ಅತಿಥಿಗಳ ಡೇಟು ಸಿಗದಿದ್ದರೆ ಅತಿಥಿಗಳು ಇಲ್ಲದೇ ನಡೆಯಲಿ. ಇದನ್ನು ಓದುತ್ತಿರುವ ಮಾಸ್ತರರಲ್ಲಿ, ಅಕ್ಕೋರಲ್ಲಿ ನಮ್ಮ ಕೇರಿಯಿಂದಲೇ ಹೋದವರು ಬಹಳ ಮಂದಿ ಇದ್ದೀರಿ. ಸ್ಟಾಫ್ ಮೀಟಿಂಗಿನಲ್ಲಿ ಪಾತ್ರ ಹಂಚುವಾಗ ನೀವು ಸುಮ್ಮನೆ ಕುಂತಿರುತ್ತೀರಿ. ಯಾಕೆ ಎಂದು ನನಗೆ ಗೊತ್ತು. ಆದರೂ ಕೇಳುತ್ತಿದ್ದೇನೆ.

ಆಗುವುದಿಲ್ಲ ಎನ್ನಬೇಡಿ. ಸಿಂದಗಿ ತಾಲೂಕಿನ ಒಂದು ಸರಕಾರಿ ಸಾಲಿಯಲ್ಲಿ ಆದದ್ದನ್ನು ನೋಡಿ ಬಂದಿದ್ದೇನೆ. ಅಲ್ಲಿಯ ಒಬ್ಬ ಅಕ್ಕೋರು ಒಂದು ತಿಂಗಳು ದಿನಾ ಸಂಜೆ ಹಲಗಿಯ ಮುದುಕನೊಬ್ಬನನ್ನು ಕರೆಸಿ ಆರು ಮಕ್ಕಳಿಗೆ ಕಲಿಸಿದ್ದರು. ಇಬ್ಬರ ಮನೆಯವರು ಬಂದು ಜಗಳ ತೆಗೆದು ಬಿಡಿಸಿಕೊಂಡು ಹೋದರು. ನಾಲ್ಕು ಉಳಿದವು, ಅದರಲ್ಲಿ ಮುದುಕನ ಮೊಮ್ಮಗಳು ಒಂದು, ಏಳನೇ ಇಯತ್ತೆ. ಉಳಿದ ಮೂರು ಬೇರೆ ಬೇರೆ ಓಣಿಯವು. ಥರ್ಮಾಕೋಲ್ ಇಲ್ಲ, ಜರಿ ಇಲ್ಲ, ಸಾಲಿಯ ಡ್ರೆಸ್ಸಿನಲ್ಲೇ ವೇದಿಕೆ ಏರಿದವು. ಹೊಡೆದವು. ನಾದ ಮೇಲೇಳಲಿಲ್ಲ, ಥಪ್ ಥಪ್ ಎಂದಿತು. ಮಾಗಿಯ ಥಂಡಿಗೆ ಚರ್ಮ ಸಡಿಲಾಗಿತ್ತು. ಪೆಂಡಾಲಿನ ಹತ್ತಿರ ಬೆಂಕಿ ಹಚ್ಚಬ್ಯಾಡ್ರಿ ಎಂದು ಕಮಿಟಿಯವರು ಮೊದಲೇ ತಾಕೀತು ಮಾಡಿದ್ದರಂತೆ. ಮಂದಿ ನಗತೊಡಗಿತು.

ಆ ಹುಡುಗಿ ನಗಲಿಲ್ಲ, ಅಳಲೂ ಇಲ್ಲ. ಹಲಗಿ ತೆಗೆದುಕೊಂಡು ವೇದಿಕೆಯಿಂದ ಇಳಿದು ನೆಟ್ಟಗೆ ಗೇಟಿನ ಕಡೆ ನಡೆಯಿತು. ಹಿಂದೆ ಉಳಿದ ಮೂರೂ ನಡೆದವು. ಗೇಟಿನ ಹೊರಗೆ ಮುದುಕ ಕಣಿಕೆಗೆ ಬೆಂಕಿ ಹಚ್ಚಿದ. ನಿರೂಪಣೆಯ ಮಾಸ್ತರರಿಗೆ ಏನು ಹೇಳಬೇಕೋ ತಿಳಿಯದೆ ಮೈಕು ಹಿಡಿದು ನಿಂತರು. ಯಾರೋ ಓಡಿ ಬಂದು ‘ಲಗೂನ ಮಾಡೋ ಯಪ್ಪಾ, ಸಾಹೇಬ್ರು ಹೊತ್ತಾತು ಅಂತಾರ’ ಅಂದರು. ಮುದುಕ ಹಲಗಿಯನ್ನು ಬೆಂಕಿಯ ಮೇಲೆ ತಿರುವಿದ, ಬೆರಳಿನಿಂದ ತಟ್ಟಿ ನೋಡಿದ, ಮತ್ತೆ ಬೆಂಕಿಗೆ ಹಿಡಿದ.

‘ಇನ್ನೂ ಕಾಯಬೇಕು’ ಅಂದ.

ಒಳಗೆ ಅತಿಥಿಗಳು ಕಾಯುತ್ತ ಕುಂತಿದ್ದರು.